ಕೆಂಪು ವೈನ್, ಬಿಳಿ ವೈನ್, ನಡುವೆ ದ್ರಾಕ್ಷಿ ಸಿಪ್ಪೆ

ನಿಮ್ಮ ಮುಂದೆ ಎರಡು ಗ್ಲಾಸ್ ಇವೆ. ಎಡಗಡೆ ಇರುವುದು ಬಿಳಿ, ನಾಸಿಕ್ ಕಡೆಯ ಸೊವಿನ್ಯೋಂ ಬ್ಲಾಂ. ಬಲಗಡೆಯದು ಕೆಂಪು, ನಮ್ಮ ನಂದಿ ಬೆಟ್ಟದ ತಪ್ಪಲಿನ ಶಿರಾಜ್. ಎರಡೂ ದ್ರಾಕ್ಷಿ ತಳಿಯ ಹೆಸರು. ತಟ್ಟೆಯಲ್ಲಿ ಒಂದು ಹೋಳು ಮಾವಿನಕಾಯಿ, ಒಂದು ತುಂಡು ಚೀಸ್, ಈಗಷ್ಟೇ ಕುಟ್ಟಿದ ಕಾಳುಮೆಣಸು ಒಂದು ಚಿಟಿಕೆ. ಪುಟ್ಟ ಲೋಟದಲ್ಲಿ ಹಾಲೂ ಸಕ್ಕರೆಯೂ ಇಲ್ಲದ ಕಡು ಟೀ. ಪಕ್ಕದಲ್ಲಿ ಖಾಲಿ ಪೇಪರ್ ಕಪ್ ಇದೆಯಲ್ಲ, ಅದು ಉಗುಳುವುದಕ್ಕೆ. ಕೆಲವರು ನಗುತ್ತಿದ್ದೀರಿ. ಆದರೆ ಇದೇ ಕಸುಬಾದವರು ಒಂದೇ ಬೆಳಗ್ಗೆ ಹತ್ತಾರು ವೈನ್ ನೋಡಬೇಕಾಗುತ್ತದೆ. ನುಂಗುತ್ತಾ ಹೋದರೆ ಸ್ವಲ್ಪ ಹೊತ್ತಿಗೇ ನಾಲಿಗೆಯೂ ಕೈಕೊಡುತ್ತದೆ, ತಲೆಯೂ ಕೈಕೊಡುತ್ತದೆ. ಕಾಫಿ ರುಚಿ ನೋಡುವವರೂ ಹಾಗೇ. ಚಮಚದಿಂದ ಸೊರ್ ಅಂತ ಎಳೆದು, ಬಾಯೆಲ್ಲಾ ಆಡಿಸಿ, ಉಗುಳುತ್ತಾರೆ. ಹಾಗಾಗಿ ಸಂಕೋಚ ಬೇಡ.

ಸದ್ಯಕ್ಕೆ ಯಾವುದನ್ನೂ ಮುಟ್ಟಬೇಡಿ. ಮೊದಲು ಒಂದು ಪ್ರಶ್ನೆ. ಕೆಂಪು ವೈನ್ ಕೆಂಪಗೆ ಯಾಕಿದೆ?

ಕಪ್ಪು ದ್ರಾಕ್ಷಿಯಿಂದ ಮಾಡುತ್ತಾರೆ ಅಂತ ನೀವು ಹೇಳಿದಿರಿ. ಅರ್ಧ ಸರಿ. ನಾಳೆ ಮಾರ್ಕೆಟ್ಟಿನಿಂದ ಒಂದು ಗೊಂಚಲು ಕಪ್ಪು ದ್ರಾಕ್ಷಿ ತಂದು ಒಂದರ ಸಿಪ್ಪೆ ಬಿಡಿಸಿ ನೋಡಿ. ಒಳಗಿನ ತಿರುಳು ಹಸಿರು ಮಿಶ್ರಿತ ಬಿಳಿ. ಹಿಂಡಿದರೆ ಬರುವ ರಸಕ್ಕೂ ಹೆಚ್ಚು ಕಡಿಮೆ ಬಣ್ಣವೇ ಇರುವುದಿಲ್ಲ. ಆಲಿಕಾಂತ್ ಬುಶೆ ಅಂತ ಒಂದು ತಳಿ ಇದೆ, ಅದರ ತಿರುಳೂ ಕೆಂಪು. ಅಂಥವು ಕಡಿಮೆ. ಉಳಿದಂತೆ ಬಣ್ಣವೆಲ್ಲಾ ಸಿಪ್ಪೆಯಲ್ಲೇ ಇರುತ್ತದೆ.

ಕೆಂಪು ವೈನ್ ಮಾಡುವಾಗ ದ್ರಾಕ್ಷಿಯನ್ನು ಒಡೆದು, ರಸ, ಸಿಪ್ಪೆ, ಬೀಜ ಎಲ್ಲವನ್ನೂ ಒಟ್ಟಿಗೆ ಟ್ಯಾಂಕಿಗೆ ಬಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತಾ ಹೋಗುತ್ತದೆ. ಟ್ಯಾಂಕು 25ರಿಂದ 30 ಡಿಗ್ರಿಯವರೆಗೆ ಬೆಚ್ಚಗಿರುತ್ತದೆ. ಆ ಬಿಸಿಯಲ್ಲಿ ಸಿಪ್ಪೆಯಿಂದ ಬಣ್ಣವೂ ಒಗರೂ ರಸಕ್ಕೆ ಇಳಿಯುತ್ತವೆ. ಗ್ಯಾಸ್ ಏಳುವ ರಭಸಕ್ಕೆ ಸಿಪ್ಪೆಯೆಲ್ಲಾ ಮೇಲಕ್ಕೆ ಬಂದು ದಪ್ಪ ಪದರವಾಗಿ ಕೂರುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಒತ್ತಿ ಮುಳುಗಿಸಬೇಕು, ಇಲ್ಲವೇ ಕೆಳಗಿನ ರಸವನ್ನು ಪಂಪಿನಿಂದ ಎತ್ತಿ ಅದರ ಮೇಲೆ ಸುರಿಯಬೇಕು. ಕೊಯ್ಲಿನ ಕಾಲದಲ್ಲಿ ವೈನರಿಯೊಳಗೆ ಹೋದರೆ ನಿಮಗೆ ಕಾಣುವುದು ಮುಖ್ಯವಾಗಿ ಈ ಕೆಲಸವೇ.

ಬಿಳಿ ವೈನ್‌ಗೆ ಇದೇ ಕೆಲಸ ಹಿಂದುಮುಂದಾಗುತ್ತದೆ. ಮೊದಲೇ ಹಿಂಡಿಬಿಡುತ್ತಾರೆ. ಸಿಪ್ಪೆ ಹೊರಗೆ, ರಸ ಮಾತ್ರ ಟ್ಯಾಂಕಿಗೆ. ತಣ್ಣಗೆ, ಸುಮಾರು 12ರಿಂದ 18 ಡಿಗ್ರಿಯಲ್ಲಿ, ನಿಧಾನವಾಗಿ ಹುದುಗಲು ಬಿಡುತ್ತಾರೆ. ಬಿಸಿ ಜಾಸ್ತಿಯಾದರೆ ಆ ಹಗುರ ಘಮವೆಲ್ಲಾ ಹಾರಿಹೋಗುತ್ತದೆ.

ಹಾಗಾದರೆ ಕಪ್ಪು ದ್ರಾಕ್ಷಿಯಿಂದ ಬಿಳಿ ವೈನ್ ಮಾಡಬಹುದಾ? ಖಂಡಿತ. ಶಾಂಪೇನ್ ನೋಡಿ. ಅದಕ್ಕೆ ಮುಖ್ಯವಾಗಿ ಬಳಸುವುದು ಮೂರು ತಳಿ. ಶಾರ್ಡನೆ, ಪಿನೋ ನುವಾ, ಮೊನಿಯೆ. ಮೂರರಲ್ಲಿ ಎರಡು ಕಪ್ಪು ದ್ರಾಕ್ಷಿ. ಬೇಗ, ಹಗುರವಾಗಿ ಹಿಂಡಿ ಸಿಪ್ಪೆಯಿಂದ ಬೇರೆ ಮಾಡುತ್ತಾರೆ, ಅಷ್ಟೇ. ಸಿಪ್ಪೆಯ ಜೊತೆ ಕೆಲವು ಗಂಟೆ ಮಾತ್ರ ಬಿಟ್ಟರೆ ರೋಸೆ, ಅಂದರೆ ಗುಲಾಬಿ ವೈನ್. ಉಲ್ಟಾನೂ ಉಂಟು. ಬಿಳಿ ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುದುಗಿಸಿದರೆ ಜೇನಿನ ಬಣ್ಣದ, ಒಗರಿರುವ ವೈನ್ ಬರುತ್ತದೆ. ಜಾರ್ಜಿಯಾ ದೇಶದಲ್ಲಿ ಕ್ವೆವ್ರಿ ಅನ್ನುವ ದೊಡ್ಡ ಮಣ್ಣಿನ ಹಂಡೆಗಳನ್ನು ಕತ್ತಿನವರೆಗೆ ನೆಲದಲ್ಲಿ ಹೂತು ಹೀಗೆ ಮಾಡುತ್ತಾರೆ. ಆ ವಿಧಾನಕ್ಕೆ 2013ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿತು. ಅಲ್ಲಿ ಸಿಕ್ಕಿರುವ ಹಳೆಯ ಮಡಕೆ ಚೂರುಗಳಲ್ಲಿ ಸುಮಾರು 8000 ವರ್ಷದ ಹಿಂದಿನ ವೈನ್ ಅಂಶ ಪತ್ತೆಯಾಗಿದೆ.

ಇಷ್ಟು ಯಾಕೆ ಹೇಳಿದೆ ಅಂದರೆ, ಕೆಂಪಿಗೂ ಬಿಳಿಗೂ ಇರುವ ವ್ಯತ್ಯಾಸದಲ್ಲಿ ಬಹುಪಾಲು ಈ ಸಿಪ್ಪೆಯಿಂದಲೇ ಬರುತ್ತದೆ. ಯಾವುದನ್ನು ಎಷ್ಟು ತಣ್ಣಗೆ ಕುಡಿಯಬೇಕು, ಯಾವುದರ ಜೊತೆ ಏನು ತಿನ್ನಬೇಕು, ಯಾವುದು ವರ್ಷಗಟ್ಟಲೆ ಇರುತ್ತದೆ, ಇವಕ್ಕೆಲ್ಲಾ ದೊಡ್ಡ ದೊಡ್ಡ ನಿಯಮ ಬಾಯಿಪಾಠ ಮಾಡಬೇಕಿಲ್ಲ. ಸಿಪ್ಪೆ ಇತ್ತೋ ಇಲ್ಲವೋ ಅಂತ ಕೇಳಿಕೊಂಡರೆ ಅರ್ಧ ಉತ್ತರ ತಾನಾಗಿ ಬರುತ್ತದೆ.

ಈಗ ಗ್ಲಾಸ್ ಎತ್ತಿಕೊಳ್ಳಿ. ಕೆಳಗಿನ ಕಡ್ಡಿ ಹಿಡಿಯಿರಿ. ಬಟ್ಟಲು ಹಿಡಿದರೆ ಕೈಯ ಬಿಸಿ ವೈನಿಗೆ ಹೋಗುತ್ತದೆ, ಗಾಜೂ ಕೊಳೆಯಾಗುತ್ತದೆ. ಮೇಜಿನ ಮೇಲಿನ ಬಿಳಿ ಹಾಳೆಯ ಮೇಲೆ ಗ್ಲಾಸನ್ನು ವಾಲಿಸಿ. ಬಿಳಿಯದು ತೆಳು ಹಳದಿ, ಅಂಚಿನಲ್ಲಿ ಕೊಂಚ ಹಸಿರು. ಎಳೆಯ ವೈನ್ ಅಂತ ಅರ್ಥ. ಕೆಂಪಿನದು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಅದೂ ಎಳೆಯದೇ. ವಯಸ್ಸಾಗುತ್ತಾ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಬಿಳಿ ವೈನ್ ಗಾಢವಾಗುತ್ತಾ ಚಿನ್ನದ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಂಪು ವೈನ್ ತೆಳುವಾಗುತ್ತಾ ಇಟ್ಟಿಗೆ ಬಣ್ಣಕ್ಕೆ ಬರುತ್ತದೆ. ಬಣ್ಣ ಮತ್ತು ಒಗರಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಕೊನೆಗೆ ತಳದಲ್ಲಿ ಗಸಿಯಾಗಿ ನಿಲ್ಲುತ್ತವೆ.

ಗ್ಲಾಸ್ ತಿರುಗಿಸಿದಾಗ ಒಳಗೋಡೆಯ ಮೇಲೆ ಹನಿ ಹನಿಯಾಗಿ ಇಳಿಯುತ್ತದಲ್ಲ, ಅದನ್ನು ತೋರಿಸಿ ‘ನೋಡಿ, ಎಂಥಾ ವೈನ್’ ಅನ್ನುವವರು ಸಿಗುತ್ತಾರೆ. ಸುಮ್ನೆ ಕೇಳಿಸಿಕೊಳ್ಳಿ. ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗುವುದರಿಂದ ಆಗುವ ಆಟ ಅದು. ಜೇಮ್ಸ್ ಥಾಮ್ಸನ್ ಅನ್ನುವ ವಿಜ್ಞಾನಿ 1855ರಲ್ಲೇ ಇದನ್ನು ವಿವರಿಸಿದ್ದ. ವೈನ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೂಗಿಗೆ ಹೋಗುವ ಮುಂಚೆ ಕಣ್ಣಿನ ಬಗ್ಗೆ ಒಂದು ಎಚ್ಚರಿಕೆ. ಫ್ರಾನ್ಸಿನ ಬೋರ್ಡೋದಲ್ಲಿ ಫ್ರೆಡರಿಕ್ ಬ್ರೋಶೆ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. 2001ರಲ್ಲಿ ಅದು ಪ್ರಕಟವಾಯಿತು. ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳು. ಮೊದಲ ದಿನ ಒಂದು ಬಿಳಿ, ಒಂದು ಕೆಂಪು ಕೊಟ್ಟು ಪರಿಮಳ ಬರೆಯಿರಿ ಅಂದರು. ಬಿಳಿಗೆ ಜೇನು, ನಿಂಬೆ, ಪೀಚ್ ತರಹದ ಪದಗಳು ಬಂದವು. ಕೆಂಪಿಗೆ ಚೆರಿ, ಮೆಣಸು ತರಹದವು. ಇನ್ನೊಂದು ದಿನ ಮತ್ತೆ ಎರಡು ಗ್ಲಾಸ್. ಈ ಸಲ ಎರಡರಲ್ಲೂ ಅದೇ ಬಿಳಿ ವೈನ್. ಒಂದಕ್ಕೆ ಮಾತ್ರ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ್ದರು. ಆ ಗ್ಲಾಸಿಗೆ ವಿದ್ಯಾರ್ಥಿಗಳು ಕೆಂಪು ವೈನಿನ ಪದಗಳನ್ನೇ ಬರೆದರು. ಹಾದಿಹೋಕರಲ್ಲ, ಅದನ್ನೇ ಓದುತ್ತಿದ್ದವರು.

ಇದನ್ನು ಹಿಡಿದುಕೊಂಡು ‘ವೈನ್ ರುಚಿ ಅನ್ನುವುದೆಲ್ಲಾ ಬೊಗಳೆ’ ಅಂತ ಬರೆದವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಆ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಪರಿಮಳಕ್ಕೆ ಪದ ಹುಡುಕುತ್ತಿದ್ದರು. ಪದ ಹುಡುಕುವಾಗ ಮೂಗಿಗಿಂತ ಮೊದಲು ಕಣ್ಣು ಉತ್ತರ ಕೊಟ್ಟುಬಿಡುತ್ತದೆ. ಅದಕ್ಕೇ ನಾನು ಹೇಳುವುದು, ಹೊಸದಾಗಿ ಕಲಿಯುವವರು ಪದದಿಂದ ಶುರು ಮಾಡಬೇಡಿ. ಬಾಯಲ್ಲಿ ಏನಾಗುತ್ತಿದೆ ಅಂತ ನೋಡಿಕೊಳ್ಳಿ. ಲಾಲಾರಸ ಬಂತಾ, ಒಣಗಿತಾ? ಇದಕ್ಕೆ ಕಣ್ಣು ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಸರಿ, ಬಿಳಿ ವೈನ್. ಒಂದು ಗುಟುಕು. ನುಂಗಬೇಡಿ, ಬಾಯಿ ಮುಕ್ಕಳಿಸುವ ಹಾಗೆ ಎಲ್ಲಾ ಕಡೆ ಆಡಿಸಿ. ಈಗ ಉಗುಳಿ ಅಥವಾ ನುಂಗಿ. ತಲೆ ಸ್ವಲ್ಪ ಬಗ್ಗಿಸಿ. ನಾಲಿಗೆಯ ಎರಡೂ ಪಕ್ಕದಿಂದ ನೀರೂರುತ್ತಿದೆ, ಅಲ್ವಾ? ಅದು ಹುಳಿಯ ಕೆಲಸ. ಮಾವಿನಕಾಯಿ ಹೋಳು ಕಚ್ಚಿ ನೋಡಿ, ಅದೇ ಜಾಗದಲ್ಲಿ ಅದೇ ಆಗುತ್ತದೆ. ನೀರು ಎಷ್ಟು ಹೊತ್ತು ಊರುತ್ತದೋ ಅಷ್ಟು ಹುಳಿ ಇದೆ ಅಂತ ಲೆಕ್ಕ. ಬಿಳಿ ವೈನಿನ ಬೆನ್ನುಮೂಳೆ ಅಂದರೆ ಈ ಹುಳಿಯೇ. ಹುಳಿ ಕಡಿಮೆಯಾದರೆ ವೈನ್ ಸಪ್ಪೆ. ಜಾಸ್ತಿಯಾದರೆ ಹಲ್ಲು ಚುಳ್ ಅನ್ನುತ್ತದೆ.

ಈಗ ಕೆಂಪು. ಹಾಗೇ ಒಂದು ಗುಟುಕು, ಹಾಗೇ ಆಡಿಸಿ. ಆದ ಮೇಲೆ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಒಸಡಿನ ಮೇಲೆ, ತುಟಿಯ ಒಳಭಾಗದ ಮೇಲೆ ಸವರಿ. ಒಣಗಿದ ಹಾಗಿದೆ. ಸ್ವಲ್ಪ ತರಿ ತರಿ. ತುಟಿ ಒಸಡಿಗೆ ಅಂಟುತ್ತಿದೆ. ಇದೇ ಸಿಪ್ಪೆ ಮತ್ತು ಬೀಜದಿಂದ ಇಳಿದ ಟ್ಯಾನಿನ್, ನಮ್ಮ ಒಗರು. ನಮ್ಮ ಲಾಲಾರಸದಲ್ಲಿ ಪ್ರೋಟೀನ್ ಇರುತ್ತದೆ, ಬಾಯಿ ಜಾರುವ ಹಾಗೆ ಇಡುವುದೇ ಅದು. ಟ್ಯಾನಿನ್ ಹೋಗಿ ಅದನ್ನು ಹಿಡಿದುಕೊಳ್ಳುತ್ತದೆ. ಜಾರು ಹೋಗುತ್ತದೆ, ಬಾಯಿ ಉಜ್ಜಿದ ಹಾಗಾಗುತ್ತದೆ.

ಮಲೆನಾಡಿನವರು ಯಾರಾದರೂ ಇದ್ದರೆ ಅಡಿಕೆ ಬೇಯಿಸುವ ಹಂಡೆಯ ಚೊಗರು ನೆನಪಿಸಿಕೊಳ್ಳಿ. ಅದರಲ್ಲಿರುವುದೂ ಟ್ಯಾನಿನ್ನೇ. ಬಾಳೆಕಾಯಿ, ನೆಲ್ಲಿಕಾಯಿ, ದಾಳಿಂಬೆಯ ಒಳಸಿಪ್ಪೆ, ಎಲ್ಲದರಲ್ಲೂ ಇದೆ. ಒಗರನ್ನು ಗುರುತಿಸುವುದು ನಮ್ಮ ಊಟದವರಿಗೆ ಹೊಸ ವಿದ್ಯೆಯೇ ಅಲ್ಲ. ಟೊಮೆಟೊ ಕೆಚಪ್ ತಿಂದು ಬೆಳೆದವರಿಗೆ ಇದನ್ನು ಹೇಳಿಕೊಡುವುದು ನಿಜಕ್ಕೂ ಕಷ್ಟ.

ಟೀ ಲೋಟ ತಗೊಳ್ಳಿ. ಹತ್ತು ನಿಮಿಷ ಕುದಿಸಿದ ಟೀ ಅದು, ಬೇಕಂತಲೇ ಕೆಡಿಸಿದ್ದೇವೆ. ಒಂದು ಗುಟುಕು ಸಾಕು. ಬಾಯಿ ಕೆಂಪು ವೈನಿಗಿಂತ ಜಾಸ್ತಿ ಒಣಗಿತು. ಈಗ ನಮ್ಮ ಹುಡುಗರು ಅದಕ್ಕೆ ಎರಡು ಚಮಚ ಹಾಲು ಹಾಕುತ್ತಾರೆ. ಮತ್ತೆ ಕುಡಿಯಿರಿ. ಒಗರು ಎಲ್ಲಿ ಹೋಯಿತು? ಹಾಲಿನ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಂಡಿತು, ನಿಮ್ಮ ಲಾಲಾರಸ ಉಳಿಯಿತು. ಈಗ ಚೀಸ್ ತುಂಡು ಅಗಿದು, ಅದರ ಹಿಂದೆಯೇ ಕೆಂಪು ವೈನ್ ಗುಟುಕರಿಸಿ. ಮೊದಲಿನಷ್ಟು ಒಣಗುವುದಿಲ್ಲ. ಕೆಂಪು ವೈನ್ ಜೊತೆ ಚೀಸ್, ಕೆಂಪು ವೈನ್ ಜೊತೆ ಮಾಂಸ ಅಂತ ಹೇಳುವುದರ ಹಿಂದೆ ಇರುವುದು ಇದೇ. ಪ್ರೋಟೀನ್ ಮತ್ತು ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತವೆ.

ಹಾಗಾದರೆ ಮೀನಿನ ಜೊತೆ ಕೆಂಪು ವೈನ್ ಯಾಕೆ ಬೇಡ ಅನ್ನುತ್ತಾರೆ? ಅದರಲ್ಲೂ ಪ್ರೋಟೀನ್ ಇದೆಯಲ್ಲ? ಒಳ್ಳೆಯ ಪ್ರಶ್ನೆ. ಇಲ್ಲಿ ಟ್ಯಾನಿನ್ ಮೇಲೆಯೇ ತಪ್ಪು ಹೊರಿಸುತ್ತಿದ್ದರು. 2009ರಲ್ಲಿ ಜಪಾನಿನ ಸಂಶೋಧಕರು ಹತ್ತಾರು ವೈನ್ ಇಟ್ಟುಕೊಂಡು ನೋಡಿದಾಗ ಸಿಕ್ಕಿದ್ದು ಬೇರೆ. ವೈನಿನಲ್ಲಿರುವ ಕಬ್ಬಿಣದ ಅಂಶ ಜಾಸ್ತಿಯಿದ್ದಷ್ಟೂ ಬಾಯಲ್ಲಿ ಮೀನಿನ ಹಸಿ ವಾಸನೆ ಜಾಸ್ತಿ ಉಳಿಯುತ್ತಿತ್ತು. ಕೆಂಪು ವೈನ್‌ಗಳಲ್ಲಿ ಕಬ್ಬಿಣ ಸಾಮಾನ್ಯವಾಗಿ ಹೆಚ್ಚು. ಕಡಿಮೆ ಕಬ್ಬಿಣದ ಕೆಂಪು ವೈನ್ ಆದರೆ ಅಷ್ಟು ತೊಂದರೆಯಿಲ್ಲ. ಆದರೆ ಲೇಬಲ್ ಮೇಲೆ ಯಾರೂ ಕಬ್ಬಿಣ ಬರೆಯುವುದಿಲ್ಲ. ಹಾಗಾಗಿ ಅಂಜಲ್ ತವಾ ಫ್ರೈ ಮಾಡಿದ ದಿನ ಬಿಳಿಯೇ ಕ್ಷೇಮ. ನಿಂಬೆಹಣ್ಣು ಹಿಂಡುತ್ತೇವಲ್ಲ, ಆ ಕೆಲಸವನ್ನು ವೈನಿನ ಹುಳಿ ಮಾಡುತ್ತದೆ.

ಖಾರದ ವಿಷಯ ಬಂತು. ಗುಂಟೂರು ಮೆಣಸಿನಕಾಯಿ ಹಾಕಿದ ಕೋಳಿ ಸಾರಿನ ಜೊತೆ ಒಗರು ಜಾಸ್ತಿಯಿರುವ, 14 ಪರ್ಸೆಂಟ್ ಆಲ್ಕೋಹಾಲ್ ಇರುವ ಕೆಂಪು ವೈನ್ ಕುಡಿದರೆ ಬಾಯಿಗೆ ಬೆಂಕಿ ಬಿದ್ದ ಹಾಗೆ. ಆಲ್ಕೋಹಾಲ್ ಖಾರವನ್ನು ಏರಿಸುತ್ತದೆ, ಒಗರು ಅದರ ಮೇಲೆ ಉಜ್ಜುತ್ತದೆ. ಕೊಂಚ ಸಿಹಿ ಉಳಿದಿರುವ, ಚೆನ್ನಾಗಿ ತಣ್ಣಗಿರುವ ಬಿಳಿ ಇಟ್ಟುಕೊಳ್ಳಿ. ಶೆನಿನ್ ಬ್ಲಾಂ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಬಿಸಿಬೇಳೆಬಾತಿಗೂ ನನಗೆ ಅದೇ ಇಷ್ಟ. ಕೊಡಗಿನ ಪಂದಿ ಕರಿಯ ಮಾತು ಬೇರೆ. ಅದರಲ್ಲಿ ಖಾರಕ್ಕಿಂತ ಕಾಳುಮೆಣಸು ಮುಂದೆ, ಕಾಚಂಪುಳಿಯ ಹುಳಿ, ಹಂದಿಯ ಕೊಬ್ಬು. ನಿಮ್ಮ ಬಲಗಡೆಯ ಶಿರಾಜ್‌ಗೆ ಅದಕ್ಕಿಂತ ಒಳ್ಳೆಯ ಜೋಡಿ ಬೇಡ.

ಯಾಕೆ ಅಂದರೆ, ಈಗ ಕಾಳುಮೆಣಸಿನ ಪುಡಿ ಮೂಸಿ. ಬಳಿಕ ಕೆಂಪು ವೈನ್ ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ಮೂಗು ಒಳಗಿಟ್ಟು ಮೂಸಿ. ಮತ್ತೆ ಮೆಣಸು, ಮತ್ತೆ ವೈನ್. ಕೆಲವರ ಮುಖ ಅರಳಿತು. ಕೆಲವರು ಪಕ್ಕದವರ ಮುಖ ನೋಡುತ್ತಿದ್ದೀರಿ. ಶಿರಾಜ್‌ನಲ್ಲಿ ರೋಟುಂಡೋನ್ ಅನ್ನುವ ವಸ್ತು ಇರುತ್ತದೆ. ಅದಿರುವುದು ದ್ರಾಕ್ಷಿಯ ಸಿಪ್ಪೆಯಲ್ಲಿ. ಕಾಳುಮೆಣಸಿಗೆ ಮೆಣಸಿನ ಘಮ ಕೊಡುವುದೂ ಅದೇ ವಸ್ತು. ಹೋಲಿಕೆ ಅಲ್ಲ, ಅದೇ ಅಣು. ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು ಇದನ್ನು 2008ರಲ್ಲಿ ಪ್ರಕಟಿಸಿದರು. ಜೊತೆಗೆ ಇನ್ನೊಂದು ಸಂಗತಿಯೂ ಗೊತ್ತಾಯಿತು. ಸುಮಾರು ಐದರಲ್ಲಿ ಒಬ್ಬರಿಗೆ ಈ ವಾಸನೆ ತಿಳಿಯುವುದೇ ಇಲ್ಲ. ಹಾಗಾಗಿ ಮುಖ ನೋಡಿಕೊಂಡವರು ಚಿಂತೆ ಮಾಡಬೇಡಿ. ನಿಮ್ಮ ಮೂಗು ಕೆಟ್ಟಿಲ್ಲ, ಅದರಲ್ಲಿ ಆ ಒಂದು ಬಾಗಿಲು ಇಲ್ಲ ಅಷ್ಟೇ. ಪಕ್ಕದವರು ‘ಮೆಣಸು, ಮೆಣಸು’ ಅಂದಾಗ ಸುಳ್ಳೇ ತಲೆಯಾಡಿಸುವ ಅಗತ್ಯವೂ ಇಲ್ಲ.

ಬಿಳಿ ಗ್ಲಾಸ್ ಮೂಸಿ. ಹಸಿ ದಪ್ಪ ಮೆಣಸಿನಕಾಯಿ, ಅದೇ ಕ್ಯಾಪ್ಸಿಕಂ, ಹೆಚ್ಚಿದಾಗ ಬರುತ್ತದಲ್ಲ, ಆ ವಾಸನೆ ಇದೆಯಾ? ಸೊವಿನ್ಯೋಂ ಬ್ಲಾಂನಲ್ಲಿ ಮೆಥಾಕ್ಸಿಪಿರಜೀನ್ ಅನ್ನುವ ವಸ್ತುವಿನಿಂದ ಬರುವುದು ಅದು. ಕ್ಯಾಪ್ಸಿಕಂನಲ್ಲೂ ಇದೇ ಇದೆ. ದ್ರಾಕ್ಷಿ ಬಲಿತು ಬಿಸಿಲು ಬಿದ್ದಂತೆ ಇದು ಕಡಿಮೆಯಾಗುತ್ತದೆ. ಕೆಂಪಿನ ಕಬರ್ನೆ ಸೊವಿನ್ಯೋಂನಲ್ಲೂ ಇದು ಬರುತ್ತದೆ. ಅಲ್ಲಿ ಜಾಸ್ತಿಯಾದರೆ ಹಣ್ಣು ಬಲಿಯುವ ಮೊದಲೇ ಕೊಯ್ದಿದ್ದಾರೆ ಅಂತ ಅನುಮಾನಪಡಬಹುದು. ಶಾರ್ಡನೆಯಲ್ಲಿ ಕೆಲವೊಮ್ಮೆ ಬೆಣ್ಣೆ ಘಮ ಬರುತ್ತದೆ. ಬ್ಯಾಕ್ಟೀರಿಯಾ ಒಂದು ಬಗೆಯ ಚುರುಕು ಹುಳಿಯನ್ನು ಮೊಸರಿನಲ್ಲಿರುವ ಮೆತ್ತನೆ ಹುಳಿಯಾಗಿ ಬದಲಿಸುವಾಗ ಆ ಘಮ ಹುಟ್ಟುತ್ತದೆ. ವೆನಿಲಾ ಬಂದರೆ ಓಕ್ ಪೀಪಾಯಿಯಿಂದ ಬಂದದ್ದು.

ಇಂಥ ವಾಸನೆಗಳನ್ನೆಲ್ಲಾ ಸೇರಿಸಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ 1980ರ ದಶಕದಲ್ಲಿ ಒಂದು ಚಕ್ರ ಮಾಡಿದರು. ಬಹಳ ಉಪಯೋಗದ ಕೆಲಸ. ಸುಮ್ನೆ ‘ಸೊಗಸಾಗಿದೆ’, ‘ಗಂಭೀರವಾಗಿದೆ’ ಅನ್ನುವ ಮಾತು ಬಿಟ್ಟು ಎಲ್ಲರೂ ಮೂಸಿ ನೋಡಬಹುದಾದ ವಸ್ತುವಿನ ಹೆಸರು ಹೇಳಿ ಅಂದರು. ಆದರೆ ಆ ಚಕ್ರದಲ್ಲಿರುವುದು ಅವರ ಅಡುಗೆಮನೆ. ಬ್ಲ್ಯಾಕ್‌ಕರೆಂಟ್ ಅನ್ನುವ ಹಣ್ಣನ್ನು ಇಲ್ಲಿ ಎಷ್ಟು ಜನ ತಿಂದಿದ್ದೀರಿ? ನಿಮಗೆ ನೇರಳೆ, ಕೋಕಂ, ಪೇರಲ, ಒಣ ದ್ರಾಕ್ಷಿ, ಲವಂಗ ಅಂತ ತೋಚಿದರೆ ಅದನ್ನೇ ಬರೆದುಕೊಳ್ಳಿ. ಪರದೇಶದ ಪಟ್ಟಿಗೆ ನಿಮ್ಮ ಮೂಗನ್ನು ಬಗ್ಗಿಸುವುದು ಬೇಡ.

ಮೂಗಿನ ವಿಷಯದಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಯ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ದ್ರಾಕ್ಷಿ. ಭೌಗೋಳಿಕ ಸೂಚಕ ಪಟ್ಟವೂ ಇದೆ. ಸಿಪ್ಪೆ ದಪ್ಪ, ಬಾಯಿಗೆ ಹಾಕಿದರೆ ತಿರುಳು ಜಾರಿ ಹೊರಗೆ ಬರುತ್ತದೆ. ಅದರ ಘಮ ಒಂದು ಸಲ ಮೂಸಿದವರು ಮರೆಯುವುದಿಲ್ಲ. ದ್ರಾಕ್ಷಿ ಜ್ಯೂಸು, ಜಾಮು, ದ್ರಾಕ್ಷಿ ಪೆಪ್ಪರ್‌ಮೆಂಟು, ಎಲ್ಲಾ ಅದೇ ವಾಸನೆ. ಮೂಲ ಅಮೆರಿಕದ ಲ್ಯಾಬ್ರುಸ್ಕಾ ಜಾತಿಯ ರಕ್ತ ಅದರಲ್ಲಿದೆ. ಯುರೋಪಿನ ವೈನ್ ದ್ರಾಕ್ಷಿಗಳೆಲ್ಲಾ ವಿನಿಫೆರಾ ಅನ್ನುವ ಬೇರೆ ಜಾತಿ. ಯುರೋಪಿನವರಿಗೆ ಲ್ಯಾಬ್ರುಸ್ಕಾದ ಈ ಘಮ ಕಂಡರಾಗದು, ನರಿ ವಾಸನೆ ಅಂತ ಮೂಗು ಮುರಿಯುತ್ತಾರೆ. ನಮ್ಮಲ್ಲಿ ಕ್ರಿಸ್‌ಮಸ್‌ಗೆ ಮನೆಯಲ್ಲೇ ವೈನ್ ಹಾಕುವವರು ಬಹಳ ಜನ ಇದೇ ದ್ರಾಕ್ಷಿ ಹಾಕುತ್ತಾರೆ. ಸಿಹಿ ವೈನಿಗೆ ಅದು ಚೆನ್ನಾಗೇ ಇರುತ್ತದೆ. ಅದರ ಮೇಲೆ ಕೀಳರಿಮೆ ಯಾಕೆ? ಸಿಹಿಯಿಲ್ಲದ ಗಟ್ಟಿ ಕೆಂಪು ವೈನ್ ಮಾಡಲು ಹೊರಟಾಗ ಮಾತ್ರ ಅದು ಒಗ್ಗುವುದಿಲ್ಲ.

ಅದಕ್ಕೇ 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಹತ್ತಿರ ತೋಟ ಮಾಡಿದಾಗ ಫ್ರೆಂಚ್ ತಳಿಗಳನ್ನೇ ತರಿಸಿದರು. ಮೊದಲು ಶಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್, ಆಮೇಲೆ ಬೋರ್ಡೋದ ಮಿಶೆಲ್ ರೋಲಾಂ ಸಲಹೆ ಕೊಟ್ಟರು. ವೈನ್ ದ್ರಾಕ್ಷಿಗೆ 30ರಿಂದ 50ನೇ ಅಕ್ಷಾಂಶವೇ ಸರಿ ಅಂತ ಹಳೆಯ ಪುಸ್ತಕಗಳು ಹೇಳುತ್ತವೆ. ನಂದಿ ಇರುವುದು 13ರ ಆಸುಪಾಸಿನಲ್ಲಿ. ಎತ್ತರ ಸುಮಾರು 900 ಮೀಟರ್ ಇರುವುದರಿಂದ ರಾತ್ರಿ ತಂಪು. ಆ ತಂಪು ಇಲ್ಲದಿದ್ದರೆ ದ್ರಾಕ್ಷಿಯ ಹುಳಿಯೆಲ್ಲಾ ಬಿಸಿಗೆ ಕರಗಿ ಬರೀ ಸಕ್ಕರೆ ಉಳಿಯುತ್ತದೆ. ಚಳಿ ದೇಶದಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ. ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲ. ವರ್ಷಕ್ಕೆ ಎರಡು ಸಲ ಚಾಟನಿ (ಬಳ್ಳಿ ಕತ್ತರಿಸುವುದು), ಏಪ್ರಿಲ್ ಹೊತ್ತಿಗೆ ಒಂದು, ಮಳೆ ತಗ್ಗುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಂದು. ಫಸಲು ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿ ತಂದ ಮೇಲೆ ತೋಟಗಳು ಹೆಚ್ಚಾದವು. ಇರಲಿ, ಕೃಷಿಗೆ ಹೋದರೆ ವಾಪಸ್ ಬರುವುದು ಕಷ್ಟ.

ಎಷ್ಟು ತಣ್ಣಗೆ ಕುಡಿಯಬೇಕು ಅಂತ ಆಗಲೇ ಒಬ್ಬರು ಕೇಳಿದ್ದಿರಿ. ತಂಪು ಒಗರನ್ನು ಎತ್ತಿ ತೋರಿಸುತ್ತದೆ, ಘಮವನ್ನು ಅಡಗಿಸುತ್ತದೆ. ಬಿಳಿಯಲ್ಲಿ ಒಗರು ಹೆಚ್ಚು ಕಡಿಮೆ ಇಲ್ಲ, ಅದಕ್ಕೇ 8ರಿಂದ 12 ಡಿಗ್ರಿ ಅದಕ್ಕೆ ಹಿತ. ಕೆಂಪನ್ನು ಅಷ್ಟು ತಣ್ಣಗೆ ಮಾಡಿದರೆ ಅಡಿಕೆ ಅಗಿದ ಹಾಗಾಗುತ್ತದೆ. ಅದಕ್ಕೆ 15ರಿಂದ 18. ಕೆಂಪು ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕೊಡಬೇಕು ಅನ್ನುವ ಮಾತು ಹುಟ್ಟಿದ್ದು ಯುರೋಪಿನ ಹಳೆಯ ಚಳಿ ಮನೆಗಳಲ್ಲಿ. ಏಪ್ರಿಲ್ ತಿಂಗಳ ಬೆಂಗಳೂರಿನ ರೂಮಲ್ಲ, ಕಲಬುರಗಿಯ ರೂಮಂತೂ ಅಲ್ಲವೇ ಅಲ್ಲ. 30 ಡಿಗ್ರಿಯ ಕೆಂಪು ವೈನಿನಲ್ಲಿ ಆಲ್ಕೋಹಾಲ್ ಒಂದೇ ಮೂಗಿಗೆ ರಾಚುತ್ತದೆ. ಸರ್ವ್ ಮಾಡುವ ಅರ್ಧ ಗಂಟೆ ಮುಂಚೆ ಫ್ರಿಜ್ಜಿಗೆ ಇಡಿ. ಬಿಳಿಯನ್ನು ಕುಡಿಯುವ ಹತ್ತು ನಿಮಿಷ ಮುಂಚೆ ಫ್ರಿಜ್ಜಿನಿಂದ ತೆಗೆಯಿರಿ.

ಮಾರ್ಕು, ಮೆಡಲ್ಲುಗಳನ್ನು ಎಷ್ಟು ನಂಬಬೇಕು? 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಅನ್ನುವ ಇಂಗ್ಲಿಷ್ ವೈನ್ ವ್ಯಾಪಾರಿ ಲೇಬಲ್ ಮುಚ್ಚಿ ಒಂದು ಪರೀಕ್ಷೆ ಇಟ್ಟ. ಫ್ರಾನ್ಸಿನ ಹೆಸರಾಂತ ವೈನ್‌ಗಳು ಒಂದು ಕಡೆ, ಆಗ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಕ್ಯಾಲಿಫೋರ್ನಿಯಾದ ವೈನ್‌ಗಳು ಇನ್ನೊಂದು ಕಡೆ. ತೀರ್ಪು ಕೊಟ್ಟವರು ಫ್ರೆಂಚರು. ಬಿಳಿಯಲ್ಲಿ ಶಾಟೋ ಮಾಂಟೆಲೀನಾ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್, ಎರಡೂ ಕ್ಯಾಲಿಫೋರ್ನಿಯಾದವೇ ಮೊದಲು ಬಂದವು. ಲೇಬಲ್ ಎಷ್ಟು ಕೆಲಸ ಮಾಡುತ್ತದೆ ಅಂತ ಗೊತ್ತಾಯಿತಲ್ಲ. ಇನ್ನೊಂದು ಕತೆ ಇದಕ್ಕಿಂತ ಖಾರ. ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ರಾಬರ್ಟ್ ಹಾಡ್ಜ್‌ಸನ್ ಅನ್ನುವವರು ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಗೊತ್ತಾಗದಂತೆ ಮೂರು ಸಲ ಕೊಡಿಸಿದರು. ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ ಮೂರು ಸಲವೂ ಒಂದೇ ಮಟ್ಟದ ಅಂಕ ಕೊಟ್ಟರು. ಮನೆಯಲ್ಲೂ ಮಾಡಿ ನೋಡಿ. ಬಾಟಲಿಗೆ ಪೇಪರ್ ಸುತ್ತಿ, ಇನ್ನೊಬ್ಬರ ಕೈಯಲ್ಲಿ ಸುರಿಸಿ. ದುಬಾರಿ ಬಾಟಲಿ ಸೋತರೆ ದುಡ್ಡು ಉಳಿಯಿತು ಅಂದುಕೊಳ್ಳಿ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ ಹೌದಾ ಅಂತ ಪ್ರತಿ ಸಲವೂ ಒಬ್ಬರು ಕೇಳುತ್ತಾರೆ. 1991ರಲ್ಲಿ ಅಮೆರಿಕದ ಒಂದು ಟಿವಿ ಕಾರ್ಯಕ್ರಮದಲ್ಲಿ ಫ್ರೆಂಚರು ಅಷ್ಟು ಬೆಣ್ಣೆ ತಿಂದೂ ಹೃದಯ ಗಟ್ಟಿ ಇರುವುದು ಕೆಂಪು ವೈನಿನಿಂದ ಇರಬಹುದು ಅಂದರು. ಅಲ್ಲಿ ಕೆಂಪು ವೈನ್ ವ್ಯಾಪಾರ ಜಿಗಿಯಿತು. ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್ ಅದಕ್ಕೆ ಕಾರಣ ಅನ್ನುವ ಮಾತು ಶುರುವಾಯಿತು. ಗ್ಲಾಸಿನಲ್ಲಿ ಅದು ಇರುವುದು ಲೆಕ್ಕಕ್ಕೆ ಬಾರದಷ್ಟು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಲ್ಕೋಹಾಲಿನ ಯಾವ ಪ್ರಮಾಣವೂ ಪೂರ್ತಿ ಸುರಕ್ಷಿತವಲ್ಲ ಅಂತ ನೇರವಾಗಿ ಹೇಳಿದೆ. ಔಷಧಿ ಅಂತ ಕುಡಿಯಬೇಡಿ. ರುಚಿಗೆ, ಸ್ವಲ್ಪ ಕುಡಿಯಿರಿ. ಬೇಡವಾದವರು ದ್ರಾಕ್ಷಿ ತಿನ್ನಿ, ಸಿಪ್ಪೆ ಸಮೇತ.

ಹೋಟೆಲಿನಲ್ಲಿ ವೇಟರ್ ಮೊದಲು ಸ್ವಲ್ಪವೇ ಸುರಿದು ನಿಮ್ಮ ಮುಖ ನೋಡುತ್ತಾ ನಿಲ್ಲುತ್ತಾನಲ್ಲ, ಆಗ ಏನು ಮಾಡಬೇಕು? ಮೂಸಿ ನೋಡಿ, ಅಷ್ಟೇ. ಇಷ್ಟವಾಯಿತಾ ಅಂತ ಕೇಳುತ್ತಿಲ್ಲ, ಕೆಟ್ಟಿದೆಯಾ ಅಂತ ಕೇಳುತ್ತಿದ್ದಾನೆ. ಬಿರಡೆಯಲ್ಲಿ ಕೆಲವೊಮ್ಮೆ ಟಿಸಿಎ ಅನ್ನುವ ವಸ್ತು ಸೇರಿಕೊಳ್ಳುತ್ತದೆ. ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಸಾಕು, ವೈನು ಮಳೆಗೆ ನೆನೆದ ರಟ್ಟಿನ ಡಬ್ಬದ ವಾಸನೆ ಹೊಡೆಯುತ್ತದೆ. ಹಾಗಿದ್ದರೆ ವಾಪಸ್ ಕಳಿಸಿ. ತಿರುಗಣಿ ಮುಚ್ಚಳದ ಬಾಟಲಿಗೆ ಬಿರಡೆಯಿಂದ ಬರುವ ಈ ಕಾಟ ಇಲ್ಲ. ತಿರುಗಣಿ ಮುಚ್ಚಳ ಕಂಡರೆ ಅಗ್ಗದ್ದು ಅಂತ ತಿಳಿಯುವುದು ಹಳೆಯ ಅಭ್ಯಾಸ, ಬಿಟ್ಟುಬಿಡಿ.

ಅಂಗಡಿಯಲ್ಲಿ ಕೊಳ್ಳುವಾಗ ಲೇಬಲ್ ಮೇಲಿನ ವರ್ಷ ನೋಡಿ. ನಮ್ಮಲ್ಲಿ ಸಿಗುವ ಸಾಧಾರಣ ಬೆಲೆಯ ಬಿಳಿ ವೈನ್‌ಗಳು ಒಂದೆರಡು ವರ್ಷದೊಳಗೆ ಕುಡಿಯುವಂಥವು. ಅವಕ್ಕೆ ಸಿಪ್ಪೆಯ ಒಗರಿನ ಕಾವಲೂ ಇಲ್ಲ. ಬಿಸಿಲು ಬೀಳುವ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದ ಬಾಟಲಿ ಬೇಡ, ಒಳಗಿನಿಂದ ತೆಗೆದುಕೊಡಿ ಅನ್ನಿ. ಮನೆಯಲ್ಲಿ ಫ್ರಿಜ್ಜಿನ ತಲೆಯ ಮೇಲೆ, ಒಲೆಯ ಪಕ್ಕದ ಕಪಾಟಿನಲ್ಲಿ ಇಡಬೇಡಿ. ಎರಡು ಬಾಟಲಿ ತಂದರೆ ಎರಡನ್ನೂ ಒಂದೇ ಸಂಜೆ ತೆರೆಯಿರಿ, ಎರಡೆರಡು ಗುಟುಕು ಪಕ್ಕಪಕ್ಕ ನೋಡಿ, ಮುಚ್ಚಿ ಫ್ರಿಜ್ಜಿಗೆ ಇಡಿ, ಕೆಂಪನ್ನೂ ಸೇರಿಸಿ. ಮೂರು ನಾಲ್ಕು ದಿನ ಚೆನ್ನಾಗೇ ಇರುತ್ತದೆ. ಆಮೇಲೂ ಉಳಿದರೆ ಕುಡಿಯಲು ಹೋಗಬೇಡಿ. ಕೆಂಪನ್ನು ಮಟನ್ ಬೇಯಿಸುವಾಗ ನೀರಿನ ಬದಲು ಅರ್ಧ ಲೋಟ ಹಾಕಿ, ಆ ದಿನ ಹುಣಸೆಹುಳಿ ಸ್ವಲ್ಪ ಕಡಿಮೆ ಮಾಡಿ.